ಹೈಬ್ರಿಡ್ ಕಾರಿನ ಮೀಟರ್ ಎಷ್ಟು ನಿಜ? ಎಕ್ಸ್‌ಪ್ರೆಸ್‌ವೇಯಲ್ಲಿ ನೀವೇ ನೋಡಿಕೊಳ್ಳುವ ಕ್ರಮ

ಪುಣೆಯಲ್ಲಿರುವ ನಮ್ಮ ಕನ್ನಡದವರಲ್ಲಿ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರೂ ಇರುವ ಕಾರು ತೆಗೆದುಕೊಂಡವರು ಈಗ ಬೇಕಾದಷ್ಟು ಜನ ಇದ್ದಾರೆ. ನಿಗಡಿ, ವಾಕಡ್, ಕೋಥರೂಡ್ ಕಡೆಯ ಸೊಸೈಟಿಗಳ ಪಾರ್ಕಿಂಗಿನಲ್ಲಿ ಗ್ರ್ಯಾಂಡ್ ವಿಟಾರಾ, ಹೈರೈಡರ್, ಹೈಕ್ರಾಸ್ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಕೆಲಸಕ್ಕೆ ಮುಂಬೈ, ಹಬ್ಬಕ್ಕೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಊರು. ಎರಡೂ ದಾರಿಯಲ್ಲಿ ಕಾರು ಜೋರಾಗಿಯೇ ಓಡುತ್ತೆ. ಹಾಗಾಗಿ ಹೊಸದಾಗಿ ಹೈಬ್ರಿಡ್ ತಂದವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಇದರ ಟಾಪ್ ಸ್ಪೀಡ್ ಎಷ್ಟು? ಮೀಟರ್ 100 ತೋರಿಸುವಾಗ ಫೋನ್ ಯಾಕೆ 96 ತೋರಿಸುತ್ತೆ? ಮೀಟರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಅದನ್ನು ಮಾಡಿರುವುದೇ ಹಾಗೆ. ಆದರೆ ನಿಮ್ಮ ಕಾರಿನಲ್ಲಿ ಆ ವ್ಯತ್ಯಾಸ ಎಷ್ಟು ಅಂತ ಗೊತ್ತಿರಬೇಕು. ಹೈಬ್ರಿಡ್ ಓಡಿಸುವವರಿಗಂತೂ ಇದು ಬೇರೆಯವರಿಗಿಂತ ಜಾಸ್ತಿ ಬೇಕು. ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಕಿವಿ ಇಲ್ಲಿ ಕೆಲಸಕ್ಕೆ ಬರಲ್ಲ

ಮಾಮೂಲಿ ಗೇರಿನ ಕಾರು ಓಡಿಸಿ ಅಭ್ಯಾಸ ಇರುವವರು ಮೀಟರ್ ನೋಡದೆಯೇ ವೇಗ ಹೇಳುತ್ತಾರೆ. ಐದನೇ ಗೇರಿನಲ್ಲಿ ಎಂಜಿನ್ ಸದ್ದು ಈ ಮಟ್ಟಕ್ಕೆ ಬಂದರೆ 80, ಇನ್ನೊಂದು ಮಟ್ಟಕ್ಕೆ ಬಂದರೆ 100. ವರ್ಷಗಟ್ಟಲೆ ಓಡಿಸಿದರೆ ಇದು ತಾನಾಗಿ ಬರುತ್ತೆ.

ಹೈಬ್ರಿಡ್‌ನಲ್ಲಿ ಈ ಲೆಕ್ಕ ನಡೆಯಲ್ಲ. ಎಂಜಿನ್ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದನ್ನು ಕಾರಿನ ಕಂಪ್ಯೂಟರ್ ತೀರ್ಮಾನಿಸುತ್ತೆ. ಚಕ್ರದ ವೇಗಕ್ಕೂ ಎಂಜಿನ್ ಸದ್ದಿಗೂ ನೇರ ಸಂಬಂಧ ಇಲ್ಲ. ಖಂಡಾಲಾ ಘಾಟಿ ಹತ್ತುವಾಗ ಮೀಟರ್ 55 ತೋರಿಸುತ್ತಿರುತ್ತೆ, ಎಂಜಿನ್ ಮಾತ್ರ ಬೊಬ್ಬೆ ಹೊಡೆಯುತ್ತಿರುತ್ತೆ. ಅದೇ ಕಾರು ಇಳಿಜಾರಿನಲ್ಲಿ 90 ದಾಟಿದರೂ ಒಳಗೆ ಕೂತವರಿಗೆ ಗಾಳಿ ಮತ್ತು ಟೈರಿನ ಸದ್ದು ಬಿಟ್ಟರೆ ಏನೂ ಕೇಳಲ್ಲ. ಟೊಯೋಟಾ ಹೈಬ್ರಿಡ್‌ಗಳಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ಹೇಳುವ ಆರ್‌ಪಿಎಂ ಮೀಟರಿನ ಜಾಗದಲ್ಲಿ ಸಾಮಾನ್ಯವಾಗಿ ಪವರ್ ಮೀಟರ್ ಇರುತ್ತೆ. ಅದು ನೀವು ಎಷ್ಟು ಶಕ್ತಿ ಕೇಳುತ್ತಿದ್ದೀರಿ, ಬ್ಯಾಟರಿ ಚಾರ್ಜ್ ಆಗುತ್ತಿದೆಯಾ ಅಂತ ಹೇಳುತ್ತೆ. ವೇಗದ ಬಗ್ಗೆ ಅದರಿಂದ ಏನೂ ತಿಳಿಯಲ್ಲ.

ಅಂದರೆ ವೇಗ ತಿಳಿಯಲು ನಿಮಗೆ ಉಳಿದಿರುವುದು ಸ್ಪೀಡೋಮೀಟರ್ ಒಂದೇ. ಅದರ ಗುಣ ಗೊತ್ತಿಲ್ಲದೆ ಎಕ್ಸ್‌ಪ್ರೆಸ್‌ವೇಗೆ ಇಳಿಯುವುದು ನನಗೆ ಸರಿ ಕಾಣಲ್ಲ.

ಮೀಟರ್ ಯಾಕೆ ಜಾಸ್ತಿ ತೋರಿಸುತ್ತೆ

ಬಹಳ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮ 39 ಅಂತ ಒಂದಿದೆ. ಅದರ ಸಾರ ಸರಳ. ಮೀಟರ್ ಯಾವತ್ತೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಜಾಸ್ತಿ ತೋರಿಸಬಹುದು, ಅದಕ್ಕೂ ಮಿತಿ ಇದೆ: ನಿಜ ವೇಗದ ಶೇ. 10, ಅದರ ಮೇಲೆ 4 ಕಿ.ಮೀ. ಕಾರು ನಿಜವಾಗಿ 80ರಲ್ಲಿ ಹೋಗುತ್ತಿದ್ದರೆ ಮೀಟರ್ 80ರಿಂದ 92ರ ಒಳಗೆ ಎಷ್ಟು ತೋರಿಸಿದರೂ ನಿಯಮದ ಪ್ರಕಾರ ಸರಿ. ನಿಜ 100 ಆದರೆ 114ರವರೆಗೆ.

ಕಂಪನಿಗಳು ಈ ಗೆರೆಯ ಹತ್ತಿರಕ್ಕೂ ಹೋಗಲ್ಲ. ಆದರೆ ಸೊನ್ನೆಗೂ ತಂದಿಡಲ್ಲ. ಒಂದೇ ಅಳತೆ ಅಂತ ಬರೆದಿರುವ ಎರಡು ಬ್ರ್ಯಾಂಡಿನ ಟೈರ್‌ಗಳ ಸುತ್ತಳತೆ ಕೂಡ ಕೂದಲೆಳೆಯಷ್ಟು ಬೇರೆ ಇರುತ್ತೆ. ಹೊಸ ಟೈರು ಬೇರೆ, ಸವೆದ ಟೈರು ಬೇರೆ. ಇಷ್ಟೆಲ್ಲ ಏರುಪೇರಿನ ನಡುವೆಯೂ ಮೀಟರ್ ಕಡಿಮೆ ತೋರಿಸುವ ಹಾಗಿಲ್ಲ. ಅದಕ್ಕೆ ಮೊದಲೇ ಸ್ವಲ್ಪ ಕೂಡಿಸಿ ಇಟ್ಟಿರುತ್ತಾರೆ. ಮೂರು ನಾಲ್ಕು ಪರ್ಸೆಂಟ್ ಜಾಸ್ತಿ ತೋರಿಸುವ ಮೀಟರ್ ಕಂಡರೆ ಗಾಬರಿ ಬೇಡ.

ಹಿರಿಯರು ಒಂದು ಮಾತು ಕೇಳುತ್ತಾರೆ: "ಎಂಜಿನ್ ಬಂದ್ ಆದಾಗ ಮೀಟರ್ ಹೆಂಗ ನಡೀತದರೀ?" ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿಗೆ ಕೇಬಲ್ ಬರುತ್ತಿತ್ತು, ಅದರಿಂದ ಹುಟ್ಟಿದ ಅನುಮಾನ. ಈಗಿನ ಕಾರುಗಳಲ್ಲಿ ಎಬಿಎಸ್ ಬ್ರೇಕಿಗೆಂದು ನಾಲ್ಕೂ ಚಕ್ರದ ಹತ್ತಿರ ಸೆನ್ಸರ್ ಇರುತ್ತೆ. ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದು ಅಲ್ಲಿಂದ ಬರುತ್ತೆ. ಅದನ್ನು ಟೈರಿನ ಸುತ್ತಳತೆಯಿಂದ ಗುಣಿಸಿದರೆ ವೇಗ. ಎಂಜಿನ್ ಓಡುತ್ತಿದ್ದರೂ ಅಷ್ಟೆ, ಬರೀ ಮೋಟರಿನಲ್ಲಿ ಹೋಗುತ್ತಿದ್ದರೂ ಅಷ್ಟೆ. ಬ್ರೇಕ್ ಒತ್ತಿ ಬ್ಯಾಟರಿ ಚಾರ್ಜ್ ಆಗುವಾಗಲೂ ಲೆಕ್ಕ ಅದೇ. ಹಾಗಾಗಿ ಹೈಬ್ರಿಡ್ ಅನ್ನುವ ಕಾರಣಕ್ಕೆ ಮೀಟರ್ ತಪ್ಪು ತೋರಿಸಲ್ಲ. ತಪ್ಪಿದರೆ ಮೊದಲು ಅನುಮಾನ ಪಡಬೇಕಾದದ್ದು ಟೈರಿನ ಮೇಲೆ.

ಮೊದಲ ಹೆಜ್ಜೆ: ಟೈರು ನೋಡಿ, ಗಾಳಿ ಹಾಕಿಸಿ

ಪರೀಕ್ಷೆಗೆ ಹೊರಡುವ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಬರೆದಿರುತ್ತಾರೆ. ಪಂಪಿನ ಹುಡುಗ ಎಲ್ಲ ಕಾರಿಗೂ ಒಂದೇ ನಂಬರ್ ಇಡುತ್ತಾನೆ, ನೀವೇ ಹೇಳಿ ಹಾಕಿಸಿ. ಗಾಳಿ ಸ್ವಲ್ಪ ಕಡಿಮೆ ಇದ್ದರೆ ಮೀಟರ್ ಲೆಕ್ಕ ಅಷ್ಟೇನೂ ಕೆಡಲ್ಲ. ಆದರೆ ಜೋರು ಓಡುವಾಗ ಟೈರು ಬಿಸಿಯಾಗುತ್ತೆ. ಬೇಸಿಗೆಯಲ್ಲಿ ಎಕ್ಸ್‌ಪ್ರೆಸ್‌ವೇ ಪಕ್ಕ ಟೈರ್ ಸಿಡಿದು ನಿಂತ ಕಾರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆ ಓದಿ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ 215/60 ಆರ್ 17 ಬರುತ್ತೆ. ಅಗಲ 215 ಮಿ.ಮೀ., ಪಕ್ಕದ ಎತ್ತರ ಅದರ ಶೇ. 60, ಒಳಗಿನ ಡಿಸ್ಕ್ 17 ಇಂಚು. ಕೂಡಿ ನೋಡಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 690 ಮಿ.ಮೀ. ನಿಮ್ಮ ಕಾರಿಗೆ ಕಂಪನಿ ಕೊಟ್ಟ ಅಳತೆಯೂ ಈಗ ಹಾಕಿರುವ ಅಳತೆಯೂ ಒಂದೇನಾ ಅಂತ ಖಚಿತ ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ತಪ್ಪದೆ ನೋಡಬೇಕು.

ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತೆ. 1.6 ಮಿ.ಮೀ.ಗೆ ಬಂದರೆ ಟೈರು ಬದಲಿಸಲೇಬೇಕು. ಅಷ್ಟು ಸವೆಯುವ ಹೊತ್ತಿಗೆ ವ್ಯಾಸ ಸುಮಾರು 13 ಮಿ.ಮೀ. ಕಡಿಮೆಯಾಗಿರುತ್ತೆ, ಅಂದರೆ ಶೇ. 2ಕ್ಕೆ ಹತ್ತಿರ. ಹೊಸ ಟೈರಿನಲ್ಲಿ ಮೀಟರ್ 100 ಇದ್ದಾಗ ನಿಜ ವೇಗ 96 ಇತ್ತು ಅಂದುಕೊಳ್ಳಿ. ಸವೆದ ಟೈರಿನಲ್ಲಿ ಅದೇ 100ಕ್ಕೆ ನಿಜ ವೇಗ 94. ಹಾಗಾಗಿ ಅಳೆದಾಗ ಟೈರು ಎಷ್ಟು ಸವೆದಿತ್ತು ಅನ್ನುವುದನ್ನೂ ಬರೆದಿಡಿ.

ಎರಡನೇ ಹೆಜ್ಜೆ: ಜಾಗ ಮತ್ತು ಹೊತ್ತು

ಬೇಕಾದದ್ದು ನೇರ, ಸಮ, ಮೇಲೆ ಆಕಾಶ ಬಿಚ್ಚಿಕೊಂಡಿರುವ ರಸ್ತೆ. ಫೋನಿನ ಜಿಪಿಎಸ್‌ಗೆ ಸುರಂಗದಲ್ಲಿ ಸಿಗ್ನಲ್ ಸಿಗಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಭಾತಾಣ, ಮಾಡಪ, ಕಾಮಶೇತ್ ಸುರಂಗಗಳು ಇವೆ, ಅವುಗಳ ಆಸುಪಾಸು ಬೇಡ. ಘಾಟಿ ಭಾಗವಂತೂ ಬೇಡವೇ ಬೇಡ. ತಿರುವಿನಲ್ಲಿ ಜಿಪಿಎಸ್ ಹಿಂದೆ ಬೀಳುತ್ತೆ, ನಿಮ್ಮ ಗಮನವೂ ರಸ್ತೆಯ ಮೇಲೆಯೇ ಇರಬೇಕು. ಮುಂಬೈ ಕಡೆಯಿಂದ ಬರುವಾಗ ಕಾಮಶೇತ್ ಸುರಂಗ ದಾಟಿ ಉರ್ಸೆ ಟೋಲ್ ನಾಕಾ ಕಡೆಗಿನ ಹಾದಿ ಪುಣೆಯವರಿಗೆ ಅನುಕೂಲ.

ಮುಂಬೈಯಲ್ಲಿರುವವರಿಗೆ ಶಿವಡಿಯಿಂದ ನ್ಹಾವಾ ಶೇವಾಕ್ಕೆ ಹೋಗುವ ಅಟಲ್ ಸೇತು ಹೇಳಿ ಮಾಡಿಸಿದ ಜಾಗ. 2024ರ ಜನವರಿಯಲ್ಲಿ ತೆರೆದದ್ದು, ಸುಮಾರು 21.8 ಕಿ.ಮೀ. ಉದ್ದ, ಬಹುಪಾಲು ಸಮುದ್ರದ ಮೇಲೆ. ಕಟ್ಟಡಗಳ ಅಡ್ಡಿ ಇಲ್ಲ, ಸಿಗ್ನಲ್ ಚೆನ್ನಾಗಿ ಸಿಗುತ್ತೆ. ಕಾರಿಗೆ ಮಿತಿ 100. ಸೇತುವೆ ಮೇಲೆ ನಿಲ್ಲಿಸುವ ಹಾಗಿಲ್ಲ, ಫೋಟೋಕ್ಕೂ ಇಲ್ಲ. ಬರೆದುಕೊಳ್ಳುವುದನ್ನೆಲ್ಲ ಪಕ್ಕದಲ್ಲಿ ಕೂತವರಿಗೆ ಬಿಡಿ. ಗೋವಾದವರು ಎನ್‌ಎಚ್ 66ರ ಅಗಲವಾದ ಭಾಗದಲ್ಲಿ ಭಾನುವಾರ ಬೆಳಿಗ್ಗೆ ನೋಡಬಹುದು, ಅಲ್ಲಲ್ಲಿ ಮಿತಿ ಬದಲಾಗುತ್ತೆ, ಬೋರ್ಡ್ ನೋಡಿಕೊಂಡು.

ಸೂರ್ಯ ಹುಟ್ಟಿದ ಮೇಲೆ, ಟ್ರಾಫಿಕ್ ಕಟ್ಟಿಕೊಳ್ಳುವ ಮೊದಲು ಹೊರಡಿ. ಮಳೆಯಲ್ಲಿ ಬೇಡ.

ಮೂರನೇ ಹೆಜ್ಜೆ: ಇಬ್ಬರು ಬೇಕೇಬೇಕು

ಓಡಿಸುವವರು ಫೋನ್ ನೋಡಬಾರದು. ಇದರಲ್ಲಿ ರಾಜಿ ಇಲ್ಲ. ಮುಂದಿನ ಸೀಟಿನಲ್ಲಿ ಒಬ್ಬರು ಕೂತು ಫೋನ್ ಹಿಡಿಯಬೇಕು. ನನ್ನ ಜೊತೆ ಬರುವವಳು ಅಕ್ಕನ ಮಗಳು, ಕಾಲೇಜು ಓದುತ್ತಾಳೆ. ಮೊದಲ ಸಲ ಹೊರಟಾಗ ಅವಳು ಹಾಕಿಕೊಂಡ ಪದ್ಧತಿಯೇ ನಮ್ಮಲ್ಲಿ ಈಗಲೂ ನಡೆಯುತ್ತಿದೆ. ನಾನು ಕ್ರೂಸ್ ಕಂಟ್ರೋಲಿನಲ್ಲಿ (ಕಾಲು ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಇಡುವ ಸೌಲಭ್ಯ) ಮೀಟರ್ 80ಕ್ಕೆ ನಿಲ್ಲಿಸಿ "ಹ್ಞೂಂ" ಅನ್ನಬೇಕು. ಅವಳು ಆ ಕ್ಷಣದ ನಂಬರ್ ಬರೆಯಲ್ಲ. ಸುಮ್ನೆ ನೋಡುತ್ತಾ ಇರುತ್ತಾಳೆ. 76, 77, 77, 76, 77. ಒಂದಷ್ಟು ಹೊತ್ತು ನೋಡಿ, ಪದೇ ಪದೇ ಬಂದ ನಂಬರನ್ನು "ಮಾಮಾ, 77" ಅಂತ ಹೇಳಿ ಬರೆದುಕೊಳ್ಳುತ್ತಾಳೆ. ಆಮೇಲೆ ಮುಂದಿನ ವೇಗ.

ಈ ತಾಳ್ಮೆಯೇ ಇಲ್ಲಿ ಮುಖ್ಯ. ಫೋನಿನ ಜಿಪಿಎಸ್ ಸ್ಥಿರ ವೇಗದಲ್ಲಿ ಚೆನ್ನಾಗಿ ಹೇಳುತ್ತೆ, ಆದರೆ ವೇಗ ಬದಲಾಗುವಾಗ ಸೆಕೆಂಡು ಎರಡು ಸೆಕೆಂಡು ಹಿಂದಿರುತ್ತೆ. ಕಾಲು ಒತ್ತಿ ವೇಗ ಏರಿಸುತ್ತಾ ಫೋನ್ ನೋಡಿ "ಹತ್ತು ಕಿ.ಮೀ. ಫರಕು ಇದೆ" ಅನ್ನುವವರು ಇದ್ದಾರೆ. ಅವರು ನೋಡುತ್ತಿರುವುದು ಫೋನಿನ ವಿಳಂಬ, ಮೀಟರಿನ ತಪ್ಪಲ್ಲ. ಒಂದೇ ವೇಗದಲ್ಲಿ 15–20 ಸೆಕೆಂಡು ನಿಂತ ಮೇಲೆ ಓದಿದ್ದು ಮಾತ್ರ ಲೆಕ್ಕಕ್ಕೆ.

ವೇಗ ತೋರಿಸುವ ಯಾವ ಜಿಪಿಎಸ್ ಆ್ಯಪ್ ಆದರೂ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ಹಾಕಿಕೊಂಡರೆ ಅದರಲ್ಲೂ ವೇಗ ಬರುತ್ತೆ. ಕಾರಿನಲ್ಲಿ ಮುಳ್ಳಿನ ಮೀಟರ್ ಇದ್ದು ಅದರ ಪಕ್ಕದಲ್ಲಿ ಅಂಕಿಯಲ್ಲೂ ವೇಗ ತೋರಿಸುವ ಸೌಲಭ್ಯ ಇದ್ದರೆ ಅಂಕಿಯನ್ನೇ ನೋಡಿ. ಮುಳ್ಳನ್ನು ಪಕ್ಕದ ಸೀಟಿನಿಂದ ನೋಡಿದರೆ ಒಂದೆರಡು ಕಿ.ಮೀ. ಆಚೀಚೆ ಕಾಣುತ್ತೆ.

ಮೀಟರಿನಲ್ಲಿ 40, 60, 80, ಮಿತಿ ಇರುವ ಕಡೆ 100. ನಾಲ್ಕು ಓದು ಸಾಕು. 40 ಮತ್ತು 60ರ ಓದನ್ನು ಎಕ್ಸ್‌ಪ್ರೆಸ್‌ವೇಯಲ್ಲಿ ತೆಗೆಯಲು ಹೋಗಬೇಡಿ, ಹಿಂದಿನಿಂದ ಬರುವವರಿಗೆ ತೊಂದರೆ. ಅದನ್ನು ಊರೊಳಗಿನ ಖಾಲಿ ರಸ್ತೆಯಲ್ಲಿ ಮುಗಿಸಿಕೊಳ್ಳಿ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಓದಿದರೆ ಇನ್ನೂ ಒಳ್ಳೆಯದು.

ಲೆಕ್ಕ ಹೀಗೆ: ಮೀಟರಿನ ನಂಬರಿನಿಂದ ಫೋನಿನ ನಂಬರ್ ಕಳೆಯಿರಿ, ಫೋನಿನ ನಂಬರಿನಿಂದ ಭಾಗಿಸಿ, 100ರಿಂದ ಗುಣಿಸಿ. ಮೀಟರ್ 80, ಫೋನ್ 77 ಆದರೆ ಸುಮಾರು ಶೇ. 4. ನಿಜ ವೇಗ 77ಕ್ಕೆ ನಿಯಮ 88ರ ತನಕ ಬಿಡುತ್ತೆ. ನೀವು ಆರಾಮಾಗಿ ಒಳಗಿದ್ದೀರಿ.

ಫೋನ್ ಮೇಲೆ ನಂಬಿಕೆ ಇಲ್ಲದವರಿಗೆ ಕಿ.ಮೀ. ಕಲ್ಲು

ಇದು ಹಳೆಯ ವಿಧಾನ, ನನಗೆ ಈಗಲೂ ಇಷ್ಟ. ಹೆದ್ದಾರಿ ಬದಿಯಲ್ಲಿ ಕಿ.ಮೀ. ಗುರುತುಗಳಿರುತ್ತವೆ. ಕ್ರೂಸ್ ಕಂಟ್ರೋಲ್ 80ಕ್ಕೆ ಹಾಕಿ, ಒಂದು ಗುರುತು ಕಿಟಕಿಗೆ ನೇರ ಬಂದಾಗ ಪಕ್ಕದವರು ಸ್ಟಾಪ್‌ವಾಚ್ ಒತ್ತಲಿ. ಐದು ಕಿ.ಮೀ. ಆದ ಮೇಲೆ ಅದೇ ರೀತಿ ನಿಲ್ಲಿಸಲಿ. ನಿಜವಾಗಿ 80ರಲ್ಲಿ ಹೋಗಿದ್ದರೆ 225 ಸೆಕೆಂಡು ಆಗಬೇಕು. 234 ಆಯಿತು ಅಂದುಕೊಳ್ಳಿ. ಐದು ಕಿ.ಮೀ.ಯನ್ನು ಗಂಟೆಯ 3,600 ಸೆಕೆಂಡಿನಿಂದ ಗುಣಿಸಿದರೆ 18,000, ಅದನ್ನು 234ರಿಂದ ಭಾಗಿಸಿದರೆ 76.9. ಮೀಟರ್ ಮೂರು ಕಿ.ಮೀ. ಜಾಸ್ತಿ ತೋರಿಸುತ್ತಿದೆ.

ಒಂದು ಕಿ.ಮೀ.ಗೆ ಮಾಡಿದರೆ ಬೆರಳು ಒತ್ತುವುದರಲ್ಲಿ ಆಗುವ ಅರ್ಧ ಸೆಕೆಂಡಿನ ತಪ್ಪೇ ಲೆಕ್ಕ ಕೆಡಿಸುತ್ತೆ. ಐದು ಕಿ.ಮೀ. ಆದರೆ ಆ ತಪ್ಪು ಕರಗಿಹೋಗುತ್ತೆ. ನಡುವೆ ಬ್ರೇಕ್ ಒತ್ತಬೇಕಾಗಿ ಬಂದರೆ ಬಿಟ್ಟು ಮತ್ತೆ ಶುರು ಮಾಡಿ.

ಅದೇ ಓಟದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ 20 ಕಿ.ಮೀ. ಗುರುತುಗಳ ಜೊತೆ ಹೋಲಿಸಿ. ಬಹಳ ಕಾರುಗಳಲ್ಲಿ ದೂರದ ಲೆಕ್ಕ ವೇಗದ ಲೆಕ್ಕಕ್ಕಿಂತ ಹೆಚ್ಚು ಸರಿಯಾಗಿರುತ್ತೆ. ವೇಗ ತೋರಿಸುವಾಗ ಮಾತ್ರ ಆ ಕೂಡಿಸಿಟ್ಟ ಭಾಗ ಸೇರುತ್ತೆ. ಹಾಗಾಗಿ "ಮೀಟರ್ ನಾಲ್ಕು ಪರ್ಸೆಂಟ್ ಸುಳ್ಳು, ಅಂದ್ರೆ ನನ್ನ ಮೈಲೇಜೂ ನಾಲ್ಕು ಪರ್ಸೆಂಟ್ ಸುಳ್ಳು" ಅನ್ನುವ ಮಾತು ಸಾಮಾನ್ಯವಾಗಿ ಸರಿಯಲ್ಲ. ಮೈಲೇಜಿಗಾಗಿಯೇ ಹೈಬ್ರಿಡ್ ಕೊಂಡವರು ಇದನ್ನು ಖಾತ್ರಿ ಮಾಡಿಕೊಂಡರೆ ಮನಸ್ಸಿಗೆ ನೆಮ್ಮದಿ.

ಒಬಿಡಿ ಪೋರ್ಟಿಗೆ (ಗ್ಯಾರೇಜಿನವರು ಕಾರನ್ನು ಸ್ಕ್ಯಾನ್ ಮಾಡಲು ಬಳಸುವ ಸಾಕೆಟ್) ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಸಾಧನ ಇದ್ದರೆ ಕಾರಿನ ಕಂಪ್ಯೂಟರಿನಲ್ಲಿರುವ ವೇಗವನ್ನೇ ಓದಬಹುದು. ಹೆಚ್ಚಿನ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿಗಿಂತ ನಿಜಕ್ಕೆ ಹತ್ತಿರ. ಆಸಕ್ತಿ ಇರುವವರು ನೋಡಬಹುದು, ಇದಕ್ಕಂತಲೇ ದುಡ್ಡು ಹಾಕುವುದು ಬೇಡ.

ಇನ್ನು ಟಾಪ್ ಸ್ಪೀಡ್

ಮೀಟರಿನ ಕೊನೆಯಲ್ಲಿ ಬರೆದಿರುವ ನಂಬರ್ ಟಾಪ್ ಸ್ಪೀಡ್ ಅಲ್ಲ. ಅದು ಡಯಲ್ ಬಿಡಿಸಿದವರ ಅನುಕೂಲ. ಯುರೋಪಿನಲ್ಲಿ ಟೊಯೋಟಾ ಯಾರಿಸ್ ಹೈಬ್ರಿಡ್‌ಗೆ ಕಂಪನಿ ಹೇಳುವುದು 175 ಕಿ.ಮೀ., 1.8 ಲೀಟರ್ ಕೊರೊಲಾ ಹೈಬ್ರಿಡ್‌ಗೆ 180. ಅದಕ್ಕಿಂತ ಬಹಳ ಹೆಚ್ಚು ಶಕ್ತಿಯ ಆರ್‌ಎವಿ4 ಹೈಬ್ರಿಡ್‌ಗೂ 180. ಶಕ್ತಿ ಅಷ್ಟು ಬೇರೆ ಇದ್ದರೂ ನಂಬರ್ ಒಂದೇ ಕಡೆ ನಿಲ್ಲುವುದು ಯಾಕೆ? ಅಲ್ಲಿ ಕಾರಿಗೆ ತಾಕತ್ತು ಮುಗಿದಿರಲ್ಲ, ಕಂಪ್ಯೂಟರ್ ತಡೆದಿರುತ್ತೆ.

ತಡೆಯುವುದಕ್ಕೆ ಕಾರಣ ಇದೆ. ಟೊಯೋಟಾ ಪದ್ಧತಿಯಲ್ಲಿ ಎಂಜಿನ್, ಎರಡು ಮೋಟರ್, ಚಕ್ರ ಎಲ್ಲವೂ ಒಂದು ಪ್ಲಾನೆಟರಿ ಗೇರಿನ ಮೂಲಕ ಸೇರಿಕೊಂಡಿರುತ್ತವೆ. ನಡುವಿನ ಹಲ್ಲುಚಕ್ರಕ್ಕೆ ಚಿಕ್ಕ ಮೋಟರ್, ಸುತ್ತಲಿನ ಬಳೆಗೆ ಚಕ್ರದ ಕಡೆಯ ಮೋಟರ್, ಮಧ್ಯದ ಗೇರುಗಳನ್ನು ಹೊತ್ತ ಚೌಕಟ್ಟಿಗೆ ಎಂಜಿನ್. ಒಂದರ ವೇಗ ಬದಲಾದರೆ ಉಳಿದವು ಬದಲಾಗಲೇಬೇಕು. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನ ಎರಡನೇ ಪೀಳಿಗೆಯಲ್ಲಿ ನಡುವಿನ ಚಕ್ರಕ್ಕೆ 30 ಹಲ್ಲು, ಬಳೆಗೆ 78. ಎಂಜಿನ್ ನಿಂತಿದ್ದರೆ ಬಳೆ ಒಂದು ಸುತ್ತು ತಿರುಗಿದಾಗ ಚಿಕ್ಕ ಮೋಟರ್ 2.6 ಸುತ್ತು ಹಿಂದಕ್ಕೆ ತಿರುಗಬೇಕು. ಆ ಮೋಟರಿನ ಮಿತಿ ನಿಮಿಷಕ್ಕೆ 10,000 ಸುತ್ತು. ಅದನ್ನು ದಾಟುವ ಪರಿಸ್ಥಿತಿ ಬಂದರೆ ಕಂಪ್ಯೂಟರ್ ಎಂಜಿನ್ನನ್ನು ತಿರುಗಿಸುತ್ತೆ, ಪೆಟ್ರೋಲ್ ಉರಿಸದೆಯಾದರೂ ಸರಿ. ಮೊದಲ ಪೀಳಿಗೆಯಲ್ಲಿ ಮಿತಿ 6,500 ಇತ್ತು, ಹಾಗಾಗಿ ಸುಮಾರು 67 ಕಿ.ಮೀ. ದಾಟಿದರೆ ಎಂಜಿನ್ ತಿರುಗಲೇಬೇಕಿತ್ತು. ಈಗಿನ ಕಾರುಗಳಲ್ಲಿ ನಂಬರ್‌ಗಳು ಬೇರೆ, ತತ್ವ ಅದೇ. ಮೋಟರ್‌ಗಳನ್ನು ಉಳಿಸಲು ಒಂದು ಗೆರೆ ಎಳೆದಿರುತ್ತಾರೆ.

ಹೋಂಡಾ ಸಿಟಿ ಇ:ಎಚ್‌ಇವಿಯದು ಬೇರೆ ದಾರಿ. ಅದರಲ್ಲಿ ಬಹುಪಾಲು ಹೊತ್ತು ಮೋಟರೇ ಚಕ್ರ ತಿರುಗಿಸುತ್ತೆ, ಎಂಜಿನ್ ಕರೆಂಟ್ ತಯಾರಿಸುತ್ತೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕ್ಲಚ್ ಹಿಡಿದು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತೆ.

ಆದರೆ ಪುಣೆ–ಮುಂಬೈ ಓಡಾಡುವವರಿಗೆ 180ರ ಲೆಕ್ಕ ಯಾಕೆ ಬೇಕು? ನಿಮ್ಮ ಕೆಲಸಕ್ಕೆ ಬರುವ ಪ್ರಶ್ನೆ ಬೇರೆ: ಲೋಡ್ ತುಂಬಿದ ಕಾರು ಘಾಟಿ ಹತ್ತುವಾಗ ಎಷ್ಟು ಹೊತ್ತು ಪೂರ್ತಿ ಶಕ್ತಿ ಕೊಡುತ್ತೆ? ಲೆಕ್ಕ ಹಾಕಿ ನೋಡೋಣ. ಹೈರೈಡರ್‌ನಂಥ ಕಾರಿನಲ್ಲಿ ನಾಲ್ಕು ಜನ, ಸಾಮಾನು ಸೇರಿ ಸುಮಾರು 1,600 ಕೆ.ಜಿ. ಖೋಪೋಲಿಯಿಂದ ಲೋಣಾವಳಾಕ್ಕೆ ಏರು ಸುಮಾರು 550 ಮೀಟರ್. ಈ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಮಾತ್ರ ಹತ್ತಿರ ಹತ್ತಿರ 2.4 ಯುನಿಟ್ ಶಕ್ತಿ ಬೇಕು. ಕಾರಿನ ಹೈಬ್ರಿಡ್ ಬ್ಯಾಟರಿ ಒಂದು ಯುನಿಟ್‌ಗಿಂತ ಚಿಕ್ಕದು, ಅದರಲ್ಲೂ ಬಳಸಲು ಸಿಗುವುದು ಒಂದು ಭಾಗ. ಅಂದರೆ ಬ್ಯಾಟರಿ ಮೊದಲ ಏರಿಗೆ ನೆರವಾಗುತ್ತೆ, ಆಮೇಲೆ ಎಂಜಿನ್ನೇ ಎಳೆಯಬೇಕು. ಘಾಟಿಯ ನಡುವೆ ಓವರ್‌ಟೇಕ್‌ಗೆ ಕಾಲು ಒತ್ತಿದಾಗ ಊರೊಳಗಿನಷ್ಟು ಪಿಕಪ್ ಬರಲಿಲ್ಲ ಅಂದರೆ ಕಾರು ಕೆಟ್ಟಿದೆ ಅಂತಲ್ಲ, ಬ್ಯಾಟರಿ ಇಳಿದಿದೆ ಅಂತ. ಪರದೆಯಲ್ಲಿ ಬ್ಯಾಟರಿ ಗೆರೆ ನೋಡಿ, ಎರಡು ಗೆರೆಗೆ ಬಂದಿದ್ದರೆ ಓವರ್‌ಟೇಕ್ ಬಿಟ್ಟು ಲೇನಿನಲ್ಲೇ ಹತ್ತಿ.

ಇಳಿಯುವಾಗ ತದ್ವಿರುದ್ಧ. ಬ್ಯಾಟರಿ ಬೇಗ ತುಂಬುತ್ತೆ. ತುಂಬಿದ ಮೇಲೆ ಮೋಟರ್ ಬ್ರೇಕಿನ ಹಿಡಿತ ಕಡಿಮೆಯಾಗುತ್ತೆ, ಕಾರು ಸದ್ದಿಲ್ಲದೆ ವೇಗ ಹಿಡಿಯುತ್ತೆ. ಮೀಟರ್ ಜಾಸ್ತಿ ನೋಡಬೇಕಾದದ್ದು ಇಲ್ಲೇ. ಗೇರಿನಲ್ಲಿ 'ಬಿ' (ಎಂಜಿನ್ ಬ್ರೇಕಿಗೆಂದು ಇರುವ ಸ್ಥಾನ) ಇದ್ದರೆ ಅದಕ್ಕೆ ಹಾಕಿ. ಎಂಜಿನ್ ಪೆಟ್ರೋಲ್ ಇಲ್ಲದೆ ತಿರುಗಿ ವೇಗ ತಡೆಯುತ್ತೆ, ಸದ್ದು ಜೋರಾಗುತ್ತೆ, ಹೆದರಬೇಡಿ. ಗೋವಾ ಕಡೆಗೆ ಚೋರ್ಲಾ ಅಥವಾ ಅನ್‌ಮೋಡ್ ಘಾಟಿ ಇಳಿಯುವವರಿಗೂ ಇದೇ ಮಾತು.

ಕಾರು ಕೊಂಡ ಹೊಸದರಲ್ಲಿ "ಒಂದ್ಸಲ ಎಳೆದು ನೋಡೋಣ" ಅನ್ನುವ ಹುಮ್ಮಸ್ಸು ಬರುತ್ತೆ. ದಯವಿಟ್ಟು ಬೇಡ. ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿ ಯಾವಾಗ ಲೇನ್ ಬಿಟ್ಟು ಬರುತ್ತೆ ಹೇಳಕ್ಕಾಗಲ್ಲ. ಲಾಭವೂ ಇಲ್ಲ. ಎಕ್ಸ್‌ಪ್ರೆಸ್‌ವೇ ಸುಮಾರು 94.5 ಕಿ.ಮೀ. ಇಡೀ ಹಾದಿ 100ರಲ್ಲಿ ಹೋದರೆ 57 ನಿಮಿಷ, 120ರಲ್ಲಿ ಹೋದರೆ 47. ಘಾಟಿಯಲ್ಲಿ ಹೇಗೂ ನಿಧಾನ ಆಗಲೇಬೇಕು, ಹಾಗಾಗಿ ಆ ಹತ್ತು ನಿಮಿಷವೂ ಪೂರ್ತಿ ಕೈಗೆ ಸಿಗಲ್ಲ. ಗಾಳಿಯ ಎದುರು ತಳ್ಳಲು ಬೇಕಾದ ಶಕ್ತಿ ಮಾತ್ರ 100ರಿಂದ 140ಕ್ಕೆ ಹೋದರೆ ಎರಡೂ ಮುಕ್ಕಾಲು ಪಟ್ಟು. ಲೀಟರಿಗೆ ಇಪ್ಪತ್ತಕ್ಕಿಂತ ಹೆಚ್ಚು ಕೊಡಲಿ ಅಂತ ಕೊಂಡ ಕಾರನ್ನು ಹಾಗೆ ಓಡಿಸಿದರೆ ಕೊಂಡ ಉದ್ದೇಶವೇ ಹೋಯಿತು, ಅಲ್ವಾ?

ಬೀಪ್, ಕ್ಯಾಮೆರಾ, ಚಲನ್

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದರೆ ಬಿಟ್ಟು ಬಿಟ್ಟು ಬೀಪ್ ಬರುತ್ತೆ, 120 ದಾಟಿದರೆ ನಿಲ್ಲದೆ ಬರುತ್ತೆ. ಕೆಲವರು ಅದನ್ನು ಬಂದ್ ಮಾಡಿಸಲು ಗ್ಯಾರೇಜಿಗೆ ಹೋಗುತ್ತಾರೆ. ಕಿವಿಗೆ ಏನೂ ಗೊತ್ತಾಗದ ಹೈಬ್ರಿಡ್‌ನಲ್ಲಿ ಆ ಬೀಪ್ ಇರಲೇಬೇಕು ಅನ್ನುವುದು ನನ್ನ ಮಾತು.

ಎಕ್ಸ್‌ಪ್ರೆಸ್‌ವೇಯ ಸಮತಟ್ಟು ಭಾಗದಲ್ಲಿ ಕಾರಿಗೆ 100, ಘಾಟಿಯಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಬಾಂದ್ರಾ–ವರ್ಲಿ ಸೀ ಲಿಂಕಿನಲ್ಲಿ 80. ಎಕ್ಸ್‌ಪ್ರೆಸ್‌ವೇಯಲ್ಲಿ 2024ರಿಂದ ಐಟಿಎಂಎಸ್ (ಸಂಚಾರದ ಮೇಲೆ ಕಣ್ಣಿಡುವ ವ್ಯವಸ್ಥೆ) ಕ್ಯಾಮೆರಾಗಳು ಕೆಲಸ ಮಾಡುತ್ತಿವೆ. ಎರಡು ಜಾಗದ ನಡುವೆ ತೆಗೆದುಕೊಂಡ ಸಮಯದಿಂದ ಸರಾಸರಿ ವೇಗ ಲೆಕ್ಕ ಹಾಕುವ ವ್ಯವಸ್ಥೆಯೂ ಇದೆ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತುವುದರಿಂದ ಪ್ರಯೋಜನ ಇಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ ಕಾರಿನ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡ.

"ಮೀಟರ್ ನಾಲ್ಕು ಜಾಸ್ತಿ ತೋರಿಸುತ್ತೆ ಅಂತ ಗೊತ್ತಾಯ್ತಲ್ಲ, ಇನ್ಮೇಲೆ 104 ಇಟ್ಟು ಹೋಗ್ತೀನಿ" ಅನ್ನುವವರಿಗೆ ಒಂದು ಮಾತು. ಆ ನಾಲ್ಕು ನಿಮ್ಮ ಖರ್ಚಿಗೆ ಕೊಟ್ಟದ್ದಲ್ಲ. ಹೊಸ ಟೈರು ಹಾಕಿಸಿದ ದಿನ ಅದರಲ್ಲಿ ಎರಡು ಹೋಗಿಬಿಡಬಹುದು. ಬೋರ್ಡಿನ ನಂಬರನ್ನೇ ಮೀಟರಿನಲ್ಲೂ ಇಟ್ಟುಕೊಳ್ಳಿ.

ಕೊನೆಯದಾಗಿ, ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತಿದ್ದರೆ. ಮೀಟರಿನಲ್ಲಿ 100 ಇಟ್ಟೇ ಹೋಗಿದ್ದೆ, ಚಲನ್‌ನಲ್ಲಿ 106 ಬಂದಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಟೈರಿನ ಅಳತೆ. ಕಾರು ಗಟ್ಟಿಮುಟ್ಟಾಗಿ ಕಾಣಲಿ ಅಂತ 215/60 ಆರ್ 17 ತೆಗೆಸಿ 225/65 ಆರ್ 17 ಹಾಕಿಸಿದರೆ ವ್ಯಾಸ 690ರಿಂದ 724 ಮಿ.ಮೀ.ಗೆ ಏರುತ್ತೆ. ಶೇ. 5 ಜಾಸ್ತಿ. ಮೊದಲು 100ಕ್ಕೆ 96 ಇದ್ದ ನಿಜ ವೇಗ ಈಗ 101ರ ಹತ್ತಿರ. ಕಂಪನಿ ಕೂಡಿಸಿಟ್ಟ ಭಾಗ ಪೂರ್ತಿ ಖಾಲಿ. ಕೆಲವು ಕಾರುಗಳಲ್ಲಿ ಆ ಭಾಗವೇ ಚಿಕ್ಕದಿರುತ್ತೆ, ಅಲ್ಲಿ ಮೀಟರ್ ಇನ್ನೂ ಹಿಂದೆ ಬೀಳುತ್ತೆ.

ಆಗ ಮಾಡಬೇಕಾದದ್ದು ಇಷ್ಟು. ಚಲನ್ ತೆರೆದು ಫೋಟೋ, ಜಾಗ, ಹೊತ್ತು, ದಾಖಲಾದ ವೇಗ ನೋಡಿ. ಗಾಡಿ ನಿಮ್ಮದೇನಾ ಅಂತ ನಂಬರ್ ಪ್ಲೇಟ್ ನೋಡಿ. ನಿಮ್ಮದಲ್ಲದಿದ್ದರೆ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಇ-ಚಲನ್ ವ್ಯವಸ್ಥೆಯಲ್ಲೇ ತಕರಾರು ಹಾಕಬಹುದು. ನಿಮ್ಮದೇ ಆದರೆ ಈ ಲೇಖನದ ಪರೀಕ್ಷೆಯನ್ನು ಒಂದು ಸಲ ಮಾಡಿ, ನಾಲ್ಕೂ ಓದನ್ನು ಟೈರಿನ ಅಳತೆ ಮತ್ತು ಸವೆತದ ಜೊತೆ ಒಂದು ಹಾಳೆಯಲ್ಲಿ ಬರೆಯಿರಿ. ಅಳತೆ ಬೇರೆ ಇದ್ದರೆ ಮೂಲ ಅಳತೆಯ ಟೈರಿಗೆ ಮರಳಿ. ಅಳತೆ ಸರಿಯಿದ್ದೂ ಮೀಟರ್ ಕಡಿಮೆ ತೋರಿಸಿದರೆ ಆ ಹಾಳೆ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ, ಚಕ್ರದ ಸೆನ್ಸರ್‌ಗಳನ್ನು ಸ್ಕ್ಯಾನ್ ಮಾಡಿಸಿ, ಜಾಬ್ ಕಾರ್ಡಿನಲ್ಲಿ ದೂರನ್ನು ಬರೆಸಿಕೊಳ್ಳಿ.